ಶತ್ರುನೌಕೆಗಳೂ ರಾಜನ ಪಾರುಪತ್ಯವೂ

ಕಲಬುರಗಿಯ ಶರಣಬಸವೇಶ್ವರ ದೇವಸ್ಥಾನದ ದಾಸೋಹಕ್ಕೆಂದು ಭಕ್ತರು ತಂದೊಪ್ಪಿಸುವ ಧಾನ್ಯವು ಉಗ್ರಾಣವನ್ನು ಸೇರಿದ ಮೇಲೆ ಕೊಟ್ಟವನ ಸ್ವತ್ತಾಗಿ ಉಳಿಯುವುದಿಲ್ಲ. ಉಗ್ರಾಣದ ಬೀಗದ ಕೈ ಹಿಡಿದವನ ಸ್ವತ್ತೂ ಆಗುವುದಿಲ್ಲ. ಕಾಯುವವನು ಬೇರೆ, ಒಡೆಯನು ಬೇರೆ ಎಂಬ ಈ ವಿವೇಕವು ದಾಸೋಹಮೂರ್ತಿಗಳೆನಿಸಿದ ಶರಣಬಸವೇಶ್ವರರ (೧೭೪೬–೧೮೨೨) ಕಾಲಕ್ಕಿಂತಲೂ ಬಹು ಹಿಂದಿನಿಂದ ಈ ಸೀಮೆಯಲ್ಲಿ ಬೇರೂರಿರುವುದು. ಶಹಾಬಾದದ ಸಮೀಪದ ಮರತೂರಿಗೆ ಸೇರಿದವನೆಂದು ಪ್ರಸಿದ್ಧನಾದ ವಿಜ್ಞಾನೇಶ್ವರನು, ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ರಚಿಸಿದನು. ದಾಯಭಾಗದ ವಿಷಯದಲ್ಲಿ ಆ ಗ್ರಂಥವು ಭಾರತದ ಬಹುಭಾಗಕ್ಕೆ ಪ್ರಮಾಣವಾದದ್ದು ಎಲ್ಲರೂ ಬಲ್ಲ ಸಂಗತಿ. ಪರರ ವಸ್ತುವನ್ನು ಇಟ್ಟುಕೊಂಡವನ ಹೊಣೆಯೇನೆಂಬುದನ್ನು ಅದೇ ಗ್ರಂಥದ ವ್ಯವಹಾರಾಧ್ಯಾಯವು ನಿರ್ಣಯಿಸಿರುವುದು ಅಷ್ಟು ಪ್ರಚಾರದಲ್ಲಿಲ್ಲ.

ಆ ಪ್ರಕರಣದ ಸಾರವು ಮೂರು ಮಾತುಗಳಲ್ಲಿ ಅಡಗಿದೆ. ಮೊದಲನೆಯದು, ಒಪ್ಪಿಸಿದ ವಸ್ತುವನ್ನು ಒಪ್ಪಿಸಿದಂತೆಯೇ ಹಿಂದಿರುಗಿಸತಕ್ಕದ್ದು. ಎರಡನೆಯದು, ರಾಜನಿಂದಾಗಲಿ ದೈವದಿಂದಾಗಲಿ ಕಳ್ಳರಿಂದಾಗಲಿ ಅದು ನಷ್ಟವಾದರೆ ಇಟ್ಟುಕೊಂಡವನು ಹೊಣೆಯಲ್ಲ. ಆದರೆ ಒಡೆಯನು ಕೇಳಿದಾಗ ಕೊಡದೆ ಇಟ್ಟುಕೊಂಡು, ಆಮೇಲೆ ನಷ್ಟವಾದರೆ, ಅದರ ಬೆಲೆಯನ್ನೂ ಅಷ್ಟೇ ದಂಡವನ್ನೂ ತೆರಬೇಕು. ಮೂರನೆಯದು, ಇಟ್ಟುಕೊಂಡವನು ತನ್ನಿಚ್ಛೆಯಿಂದ ಅದನ್ನು ಬಳಸಿ ಜೀವಿಸಿದರೆ ದಂಡಾರ್ಹನಾಗುವನಲ್ಲದೆ, ವಸ್ತುವನ್ನು ಲಾಭಸಹಿತವಾಗಿ ಮರಳಿಸಬೇಕು.

ಇಲ್ಲಿ ಸ್ಮೃತಿಕಾರನು ರಾಜನನ್ನು ದೈವದ ಮತ್ತು ಕಳ್ಳರ ಸಾಲಿನಲ್ಲಿಯೇ ನಿಲ್ಲಿಸಿರುವುದು ಗಮನಾರ್ಹ. ಸಾಮಾನ್ಯನಿಗೆ ಅರಸನ ಕೈ ಒಂದು ಉತ್ಪಾತವಿದ್ದಂತೆ. ಹಾಗಾದರೆ ಅರಸನೇ ಪರರ ವಸ್ತುವನ್ನು ಹಿಡಿದು ಇಟ್ಟುಕೊಂಡರೆ, ಅದನ್ನು ಬಳಸಿದರೆ, ಅದು ಅವನ ಕೈಯಲ್ಲಿರುವಾಗ ಮುಳುಗಿ ಹೋದರೆ, ಲೆಕ್ಕವನ್ನು ಯಾರು ಯಾರಿಗೆ ಒಪ್ಪಿಸಬೇಕು? ಇಪ್ಪತ್ತನೆಯ ಶತಮಾನದ ಎರಡು ಮಹಾಯುದ್ಧಗಳಲ್ಲಿ ಸರಕಾರಗಳು ಶತ್ರುಗಳ ವ್ಯಾಪಾರಿ ಹಡಗುಗಳನ್ನು ಹಿಡಿದು ನಡೆಸಿದ ಪಾರುಪತ್ಯದಲ್ಲಿ ಈ ಪ್ರಶ್ನೆಯು ಪ್ರತ್ಯಕ್ಷವಾಗಿ ಎದುರಾಯಿತು. ಅದರ ಒಂದು ಪ್ರಧಾನ ದೃಶ್ಯವು ನಡೆದದ್ದು ಕನ್ನಡನಾಡಿನ ಹತ್ತಿಯು ಕಡಲಿಗಿಳಿಯುತ್ತಿದ್ದ ಮಾರ್ಮಗೋವಾ ಬಂದರಿನಲ್ಲಿ.

ಬಂದರಿಗೆ ಬಂದ ಪರಕೀಯ ಹಡಗನ್ನು ಹೇಗೆ ಕಾಣಬೇಕೆಂಬ ವಿಚಾರವು ಭಾರತೀಯರಿಗೆ ಹೊಸದಲ್ಲ. ಮೈಸೂರಿನ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಾವಧ್ಯಕ್ಷನೆಂಬ ಅಧಿಕಾರಿಗೆ ಒಂದು ಪ್ರತ್ಯೇಕ ಅಧ್ಯಾಯವಿದೆ. ದಿಕ್ಕುಗೆಟ್ಟು ಬಿರುಗಾಳಿಗೆ ಸಿಕ್ಕಿ ಬಂದ ಹಡಗನ್ನು ಅವನು ತಂದೆಯಂತೆ ಅನುಗ್ರಹಿಸಬೇಕು. ನೀರು ತಗುಲಿ ಕೆಟ್ಟ ಸರಕಿಗೆ ಸುಂಕವನ್ನು ಬಿಡಬೇಕು, ಇಲ್ಲವೇ ಅರ್ಧಮಾಡಬೇಕು. ಆದರೆ ಕಡಲುಗಳ್ಳರ ಹಡಗನ್ನೂ, ಶತ್ರುದೇಶಕ್ಕೆ ಹೋಗುವ ಹಡಗನ್ನೂ, ಬಂದರಿನ ಕಟ್ಟಳೆಯನ್ನು ಮುರಿದ ಹಡಗನ್ನೂ ನಾಶಮಾಡಿಸಬೇಕು. ಒಂದೇ ಅಧಿಕಾರಿಯ ಒಂದು ಕೈ ಅಭಯಹಸ್ತ, ಇನ್ನೊಂದು ದಂಡಹಸ್ತ. ಅದೇ ಗ್ರಂಥದ ಆಂಗ್ಲಾನುವಾದವು ಪೂರ್ಣವಾಗಿ ಹೊರಬಂದದ್ದು ೧೯೧೫ರಲ್ಲಿ. ಆಗ ಯೂರೋಪಿನ ರಾಷ್ಟ್ರಗಳು ಅದೇ ಎರಡು ಕೈಗಳ ತಾರತಮ್ಯವನ್ನು ಕುರಿತು ವಾದಿಸುತ್ತಿದ್ದವು.

ಕಾಕತೀಯ ಗಣಪತಿದೇವನು ೧೨೪೪ರ ಸುಮಾರಿನಲ್ಲಿ ಮೋಟುಪಲ್ಲಿಯ ಬಂದರಿನಲ್ಲಿ ಹಾಕಿಸಿದ ಅಭಯಶಾಸನವೂ ಇಲ್ಲಿ ಸ್ಮರಣೀಯ. ದ್ವೀಪಾಂತರಗಳಿಗೆ ಹೊರಟ ಹಡಗು ಬಿರುಗಾಳಿಯಿಂದ ಒಡೆದು ದಡಕ್ಕೆ ಬಿದ್ದರೆ, ಹಿಂದಿನ ಅರಸರು ಅದರ ಸರಕನ್ನೆಲ್ಲ ಬಲಾತ್ಕಾರದಿಂದ ಸೆಳೆದುಕೊಳ್ಳುತ್ತಿದ್ದರು. ತಾನು ನಿಯತವಾದ ಸುಂಕವನ್ನು ಮಾತ್ರ ತೆಗೆದುಕೊಂಡು ಉಳಿದುದನ್ನು ಬಿಡುವೆನೆಂದು ಅವನು ಸಾರಿದನು. ಮಂಗಳೂರಿನ ಮಾರ್ಗವಾಗಿ ೧೪೪೩ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು, ಗಾಳಿಯು ತಂದೊಪ್ಪಿಸಿದ ಹಡಗನ್ನು ಇತರ ಬಂದರುಗಳಲ್ಲಿ ಸುಲಿಯುವರು, ಕಲ್ಲಿಕೋಟೆಯಲ್ಲಿ ಹಾಗೆ ಮಾಡರು ಎಂದು ಪ್ರಶಂಸಿಸಿದ್ದಾನೆ. ಕೈಗೆ ಸಿಕ್ಕಿದ ಹಡಗನ್ನು ನುಂಗದಿರುವುದು ಅರಸನ ಕೀರ್ತಿಗೆ ಕಾರಣವೆಂದು ಎಣಿಸಲ್ಪಡುತ್ತಿತ್ತು. ನುಂಗುವುದೇ ವಾಡಿಕೆಯಾಗಿತ್ತೆಂಬುದಕ್ಕೂ ಇದೇ ಸಾಕ್ಷಿ.

ಆಧುನಿಕ ಯೂರೋಪು ಈ ವಾಡಿಕೆಗೆ ಕಾನೂನಿನ ಉಡುಪನ್ನು ತೊಡಿಸಿತು. ಯುದ್ಧಕಾಲದಲ್ಲಿ ನಡುಗಡಲಿನಲ್ಲಿ ಹಿಡಿದ ಶತ್ರುವಿನ ವ್ಯಾಪಾರಿ ಹಡಗು ಹಿಡಿದ ಒಡನೆಯೇ ಹಿಡಿದವನದಾಗುವುದಿಲ್ಲ. ಅದನ್ನು ಬಂದರಿಗೆ ತಂದು, ಪ್ರೈಜ್ ಕೋರ್ಟು ಎಂಬ ವಿಶೇಷ ನ್ಯಾಯಸ್ಥಾನದ ಮುಂದೆ ಕಾಗದಪತ್ರಗಳನ್ನಿಟ್ಟು, ಹಡಗು ಶತ್ರುವಿನದೇ ಎಂದು ಸಿದ್ಧಪಡಿಸಿದ ಮೇಲೆ ನ್ಯಾಯಾಧೀಶನ ತೀರ್ಪಿನಿಂದ ಒಡೆತನವು ಸರಕಾರಕ್ಕೆ ಬರುವುದು. ಸರಕಿನಲ್ಲಿ ತಟಸ್ಥರ ಪಾಲಿದ್ದರೆ ಅವರು ಬಂದು ವಾದಿಸಬಹುದು. ತೀರ್ಪು ಬರುವ ಮುನ್ನವೇ ಹಡಗು ಬೇಕಾದರೆ, ಬೆಲೆಕಟ್ಟಿಸಿ, ಆ ಬೆಲೆಗೆ ಹೊಣೆಯಾಗಿ ನಿಂತು, ಸರಕಾರವು ಅದನ್ನು ಬಳಕೆಗೆ ಎತ್ತಿಕೊಳ್ಳಬಹುದು.

ಯುದ್ಧವು ಆರಂಭವಾದ ದಿನ ಬಂದರಿನಲ್ಲಿ ನಿಶ್ಚಿಂತೆಯಾಗಿ ಲಂಗರು ಹಾಕಿದ್ದ ಹಡಗಿನ ಗತಿಯು ಬೇರೆ. ಅದು ಕದನಕ್ಕೆ ಬಂದದ್ದಲ್ಲ. ಆ ಬಂದರಿನ ಸರಕಾರವನ್ನು ನಂಬಿ ಬಂದದ್ದು. ಆದುದರಿಂದ ೧೯೦೭ರ ಹೇಗ್ ಒಡಂಬಡಿಕೆಗಳಲ್ಲಿ ಆರನೆಯದು, ಅಂಥ ಹಡಗಿಗೆ ಹೊರಟುಹೋಗಲು ಕೆಲವು ದಿನಗಳ ಅವಕಾಶ ಕೊಡುವುದು ಲೇಸೆಂದೂ, ಹೊರಡಲಾರದೆ ಉಳಿದರೆ ಅದನ್ನು ಮುಟ್ಟುಗೋಲು ಹಾಕಕೂಡದೆಂದೂ ವಿಧಿಸಿತು. ಯುದ್ಧ ಮುಗಿಯುವ ತನಕ ಹಿಡಿದಿಟ್ಟು ಮರಳಿಸಬೇಕು, ಇಲ್ಲವೇ ಪರಿಹಾರ ಕೊಟ್ಟು ಬಳಸಿಕೊಳ್ಳಬೇಕು. ಯಾಜ್ಞವಲ್ಕ್ಯನ ಮೊದಲನೆಯ ಮತ್ತು ಮೂರನೆಯ ಮಾತುಗಳೇ ಇಲ್ಲಿ ಸಮುದ್ರದ ಆಚೆಯಿಂದ ಮರುಧ್ವನಿಸಿದಂತಿವೆ. ಇಂಥ ಹಡಗು ನ್ಯಾಸವೇ ಹೊರತು ಲೂಟಿಯಲ್ಲ.

ಈ ನಿಯಮವು ಪರೀಕ್ಷೆಗೆ ಗುರಿಯಾದ ಮಾರ್ಮಗೋವಾ ಬಂದರು ಕಲಬುರಗಿಯಿಂದ ದೂರವಾದರೂ ಒಂದೇ ಲೋಹಮಾರ್ಗದ ತುದಿಯಲ್ಲಿತ್ತು. ಕಲಬುರಗಿಯಿಂದ ಹೋಟಗಿಗೆ ಹೋಗಿ, ಅಲ್ಲಿ ಗಾಡಿ ಬದಲಿಸಿ, ವಿಜಾಪುರ, ಗದಗು, ಹುಬ್ಬಳ್ಳಿ, ಲೋಂಡಾಗಳನ್ನು ದಾಟಿ ಕ್ಯಾಸಲ್‌ರಾಕಿನಲ್ಲಿ ಘಟ್ಟವನ್ನಿಳಿದರೆ ಪೋರ್ತುಗೀಜರ ಸೀಮೆ. ಅಲ್ಲಿಂದ ಸುಮಾರು ೫೦ ಮೈಲಿಗೆ ಸಮುದ್ರ. ಆಂಗ್ಲರಿಗೂ ಪೋರ್ತುಗಾಲಿಗೂ ೧೮೭೮ರಲ್ಲಿ ಆದ ಕರಾರಿನ ಫಲವಾಗಿ ೧೮೮೮ರಲ್ಲಿ ಈ ಮಾರ್ಗವು ಪೂರ್ಣಗೊಂಡಿತು. ಧಾರವಾಡ ಸೀಮೆಯ ಹತ್ತಿಯು ಈ ದಾರಿಯಿಂದಲೇ ಬಂದರಿಗಿಳಿಯುತ್ತಿತ್ತು. ಬ್ರೆಮೆನ್ ಪಟ್ಟಣದ ಹನ್ಸಾ ಕಂಪನಿಯ ಜರ್ಮನ್ ಹಡಗುಗಳು ಭಾರತದ ಬಂದರುಗಳಿಗೆ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದಲೇ ಬಂದುಹೋಗುತ್ತಿದ್ದವು. ಅವುಗಳ ಹೆಸರುಗಳು ಸಾಮಾನ್ಯವಾಗಿ ‘ಫೆಲ್ಸ್’ ಎಂದು ಕೊನೆಗೊಳ್ಳುತ್ತಿದ್ದುದರಿಂದ ಗುರುತು ಸುಲಭ. ಆ ಮಾತಿಗೆ ಬಂಡೆಯೆಂದು ಅರ್ಥ. ಭಾರತೀಯ ಖಲಾಸಿಗಳೂ ಆ ಕಂಪನಿಯ ಹಡಗುಗಳಲ್ಲಿ ದುಡಿಯುತ್ತಿದ್ದರು.

೧೯೧೪ರ ಆಗಸ್ಟಿನಲ್ಲಿ ಯುದ್ಧದ ಸುದ್ದಿ ಹರಡಿದಾಗ, ಆಂಗ್ಲರ ಯುದ್ಧನೌಕೆಗಳಿಗೆ ಸಿಕ್ಕಿಬೀಳಬಾರದೆಂದು ಹಲವು ಜರ್ಮನ್ ಹಡಗುಗಳು ತಟಸ್ಥ ಬಂದರುಗಳನ್ನು ಹೊಕ್ಕವು. ಪೋರ್ತುಗಾಲು ಆಗ ಯುದ್ಧಕ್ಕೆ ಇಳಿದಿರಲಿಲ್ಲವಾಗಿ ಮಾರ್ಮಗೋವಾದಲ್ಲಿಯೂ ಲಿಖ್ಟನ್‌ಫೆಲ್ಸ್, ಮಾರಿಯನ್‌ಫೆಲ್ಸ್ ಮೊದಲಾದ ಹಡಗುಗಳು ಆಶ್ರಯ ಪಡೆದವು. ಸುಮಾರು ಒಂದೂವರೆ ವರ್ಷ ಅವು ಅಲ್ಲಿಯೇ ನಿಂತವು. ಅಷ್ಟರಲ್ಲಿ ಜಲಾಂತರ್ಗಾಮಿಗಳ ಹಾವಳಿಯಿಂದ ಮಿತ್ರರಾಷ್ಟ್ರಗಳಿಗೆ ಹಡಗುಗಳ ಬರ ಬಂದಿತು. ಹಳೆಯ ಮೈತ್ರಿಯನ್ನು ನೆನಪಿಸಿ ಆಂಗ್ಲ ಸರಕಾರವು ಪೋರ್ತುಗಾಲನ್ನು ಕೇಳಿಕೊಂಡಿತು. ೧೯೧೬ನೆಯ ಫೆಬ್ರವರಿ ೨೩ರಂದು ಲಿಸ್ಬನ್ ಬಂದರಿನ ಜರ್ಮನ್ ಹಡಗುಗಳ ಮೇಲೆ ಪೋರ್ತುಗೀಜ್ ಧ್ವಜವೇರಿತು. ಅದರ ಹಿಂದೆಯೇ ಉಳಿದ ಬಂದರುಗಳಲ್ಲಿಯೂ ಇದೇ ಕ್ರಮ ನಡೆದು, ಒಟ್ಟು ಸುಮಾರು ೭೦ ಹಡಗುಗಳು ಸರಕಾರದ ಕೈಸೇರಿದವು. ಪರಿಹಾರ ಕೊಡುವೆವೆಂದು ಪೋರ್ತುಗಾಲು ಹೇಳಿತು. ಪರಿಹಾರದ ಮೊತ್ತವನ್ನು ಮೊದಲು ಒಪ್ಪಿಕೊಂಡು ಆಮೇಲೆ ಮುಟ್ಟಬೇಕಾಗಿತ್ತೆಂದು ಜರ್ಮನಿ ವಾದಿಸಿತು. ಮಾರ್ಚ್ ೯ರಂದು ಜರ್ಮನಿಯು ಯುದ್ಧ ಸಾರಿತು. ಯುದ್ಧವು ಹಡಗುಗಳ ಜಪ್ತಿಗೆ ಕಾರಣವಾಗುವುದು ಸಾಮಾನ್ಯ. ಇಲ್ಲಿ ಹಡಗುಗಳ ಜಪ್ತಿಯೇ ಯುದ್ಧಕ್ಕೆ ಕಾರಣವಾಯಿತು.

ಮಾರ್ಮಗೋವಾದ ಹಡಗುಗಳಿಗೆ ಹೊಸ ನಾಮಕರಣವಾಯಿತು. ಲಿಖ್ಟನ್‌ಫೆಲ್ಸ್ ‘ಗೋವಾ’ ಆಯಿತು. ಮಾರಿಯನ್‌ಫೆಲ್ಸ್ ‘ದೀವ್’ ಆಯಿತು. ಪೋರ್ತುಗೀಜ್ ಭಾರತದ ಊರುಗಳೆಲ್ಲ ಹೀಗೆ ಹಡಗುಗಳಾಗಿ ಅಟ್ಲಾಂಟಿಕ್ ಸಮುದ್ರಕ್ಕೆ ಹೊರಟವು. ಅವುಗಳ ನಿರ್ವಾಹಕ್ಕಾಗಿ ಲಿಸ್ಬನ್ ಸರಕಾರವು ‘ರಾಜ್ಯ ಸಮುದ್ರ ಸಾರಿಗೆ’ ಎಂಬ ಅರ್ಥದ ಒಂದು ಇಲಾಖೆಯನ್ನು ಸ್ಥಾಪಿಸಿತು. ಹಡಗುಗಳಲ್ಲಿ ಹೆಚ್ಚಿನ ಪಾಲನ್ನು ಆಂಗ್ಲ ಸರಕಾರಕ್ಕೆ ಬಾಡಿಗೆಗೆ ಕೊಡಲಾಯಿತು; ಆ ಸರಕಾರದ ಪರವಾಗಿ ಫರ್ನೆಸ್ ವಿದಿ ಎಂಬ ಕಂಪನಿಯು ಅವನ್ನು ನಡೆಸಿತು. ಜರ್ಮನನ ಸ್ವತ್ತು, ಪೋರ್ತುಗೀಜನ ಧ್ವಜ, ಆಂಗ್ಲನ ಬಾಡಿಗೆ, ಖಾಸಗಿ ಕಂಪನಿಯ ಕಾರಭಾರ: ಒಂದು ಹಡಗಿಗೆ ನಾಲ್ವರು ಯಜಮಾನರಾದ ಮೇಲೆ ಅದರ ಹೊಣೆ ಯಾರದೆಂದು ಹೇಳುವುದು ಕಷ್ಟ. ಅನೇಕ ಹಡಗುಗಳು ಯುದ್ಧದಲ್ಲಿ ಮುಳುಗಿದವು. ಶಾಂತಿ ಬಂದ ಮೇಲೆ ಉಳಿದವುಗಳನ್ನು ನಡೆಸಲಾರದೆ ಇಲಾಖೆಯು ಸಾಲದಲ್ಲಿಯೂ ಅಪವಾದದಲ್ಲಿಯೂ ಸಿಕ್ಕಿಕೊಂಡಿತು. ೧೯೨೦ರ ದಶಕದ ನಡುವಿನಲ್ಲಿ ಅದನ್ನು ಮುಚ್ಚಿ ಹಡಗುಗಳನ್ನು ಮಾರಲಾಯಿತು. ಹಡಗನ್ನು ಹಿಡಿಯುವುದಕ್ಕೆ ಒಂದು ಆಜ್ಞಾಪತ್ರ ಸಾಕು. ನಡೆಸುವುದಕ್ಕೆ ಬುದ್ಧಿಯೂ ಶುದ್ಧಹಸ್ತವೂ ಬೇಕು.

ಆಂಗ್ಲರೂ ತಾವು ಹಿಡಿದ ಹಡಗುಗಳಿಗೆ ಹೊಸ ಹೆಸರುಗಳನ್ನಿಟ್ಟರು. ಆ ಕಾಲದಲ್ಲಿ ಅವರು ಜರ್ಮನರನ್ನು ‘ಹನ್’, ಅಂದರೆ ಹೂಣರು, ಎಂದು ಹಳಿಯುತ್ತಿದ್ದರಾಗಿ, ಅನೇಕ ಹಡಗುಗಳ ಹೆಸರುಗಳು ಅದೇ ಅಕ್ಷರಗಳಿಂದ ಆರಂಭವಾದವು. ಡರ್ಫ್ಲಿಂಗರ್ ಎಂಬ ಜರ್ಮನ್ ಹಡಗು ‘ಹಂಟ್ಸ್‌ಗ್ರೀನ್’ ಎನಿಸಿಕೊಂಡು ಸೈನಿಕರನ್ನು ಹೊತ್ತಿತು. ನ್ಯಾಸವನ್ನು ಮರಳಿಸುವ ಪ್ರಶ್ನೆಗೆ ೧೯೧೯ರ ವರ್ಸೇಲ್ಸ್ ಸಂಧಿಯು ಬೇರೆ ಬಗೆಯ ಉತ್ತರವನ್ನು ಕೊಟ್ಟಿತು. ೧,೬೦೦ ಟನ್ನಿಗೆ ಕಡಮೆಯಿಲ್ಲದ ಎಲ್ಲ ವ್ಯಾಪಾರಿ ಹಡಗುಗಳನ್ನೂ ಜರ್ಮನಿಯು ಗೆದ್ದವರಿಗೆ ಒಪ್ಪಿಸಬೇಕೆಂದು ಅದು ವಿಧಿಸಿದ್ದರಿಂದ, ಹಿಡಿದ ಹಡಗನ್ನು ಹಿಂದಿರುಗಿಸುವ ಮಾತೇ ಉಳಿಯಲಿಲ್ಲ. ೧೯೨೫ರಲ್ಲಿ ಬ್ರಿಟನ್ ಹೇಗಿನ ಆರನೆಯ ಒಡಂಬಡಿಕೆಯಿಂದಲೇ ಹೊರಬಂದಿತು. ಮುಂದಿನ ಯುದ್ಧಕ್ಕೆ ಹದಿನಾಲ್ಕು ವರ್ಷ ಮೊದಲೇ ಅಭಯಹಸ್ತವು ಹಿಂದಕ್ಕೆ ಸರಿಯಿತು.

೧೯೩೯ರಲ್ಲಿ ಆ ಯುದ್ಧ ಬಂದಾಗ ಆಂಗ್ಲರ ಪಾರುಪತ್ಯವು ಹೆಚ್ಚು ಶಿಸ್ತಿನದಾಗಿತ್ತು. ಮೊದಲು ನೌಕಾಸಾರಿಗೆಯ ಮಂತ್ರಾಲಯ, ೧೯೪೧ರ ಮೇ ತಿಂಗಳಿಂದ ಯುದ್ಧಸಾರಿಗೆಯ ಮಂತ್ರಾಲಯ, ಈ ಹಡಗುಗಳ ಒಡೆತನವನ್ನು ವಹಿಸಿಕೊಂಡಿತು. ದೈನಂದಿನ ನಿರ್ವಾಹವನ್ನು ಮಾತ್ರ ಅನುಭವವುಳ್ಳ ಕಂಪನಿಗಳಿಗೆ ಒಪ್ಪಿಸಲಾಯಿತು. ನಾವಿಕರನ್ನು ಗೊತ್ತುಮಾಡುವುದು, ಕಲ್ಲಿದ್ದಲು, ಆಹಾರ, ದುರಸ್ತಿಗಳನ್ನು ನೋಡಿಕೊಳ್ಳುವುದು ಕಂಪನಿಯ ಕೆಲಸ; ಎಲ್ಲಿಗೆ ಏನನ್ನು ಒಯ್ಯಬೇಕೆಂದು ನಿಶ್ಚಯಿಸುವುದು ಸರಕಾರದ ಕೆಲಸ. ಲಾಭನಷ್ಟಗಳು ಬೊಕ್ಕಸಕ್ಕೆ, ಕಂಪನಿಗೆ ನಿಯತವಾದ ಪ್ರತಿಫಲ. ಇಂಥ ಅನೇಕ ಹಡಗುಗಳಿಗೆ ‘ಎಂಪೈರ್’, ಅಂದರೆ ಸಾಮ್ರಾಜ್ಯ, ಎಂಬ ಪೂರ್ವಪದವನ್ನು ಸೇರಿಸಲಾಯಿತು. ೧೯೩೯ರ ನವೆಂಬರಿನಲ್ಲಿ ಅಟ್ಲಾಂಟಿಕಿನಲ್ಲಿ ಸೆರೆಸಿಕ್ಕಿದ ಹನ್ಸಾ ಕಂಪನಿಯ ಊಹನ್‌ಫೆಲ್ಸ್ ಹೀಗೆ ‘ಎಂಪೈರ್ ಎಬಿಲಿಟಿ’ ಆಯಿತು. ೧೯೪೧ನೆಯ ಜೂನ್ ೨೭ರಂದು ಜರ್ಮನ್ ಜಲಾಂತರ್ಗಾಮಿಯೇ ಅದನ್ನು ಮುಳುಗಿಸಿತು.

ಅದೇ ಕಂಪನಿಯ ಎಹ್ರನ್‌ಫೆಲ್ಸ್, ಡ್ರಾಖನ್‌ಫೆಲ್ಸ್, ಬ್ರೌನ್‌ಫೆಲ್ಸ್ ಎಂಬ ಮೂರು ಹಡಗುಗಳು ೧೯೩೯ರಲ್ಲಿ ಮತ್ತೆ ಮಾರ್ಮಗೋವಾವನ್ನೇ ಆಶ್ರಯಿಸಿದವು. ಇಟಲಿಯು ಯುದ್ಧಕ್ಕಿಳಿದಾಗ ಅನ್‌ಫೋರಾ ಎಂಬ ಇಟಲಿಯ ಹಡಗೂ ಜೊತೆಗೂಡಿತು. ಈ ಸಲ ಪೋರ್ತುಗಾಲು ಕೊನೆಯವರೆಗೂ ತಟಸ್ಥವಾಗಿ ಉಳಿಯಿತು, ಹಡಗುಗಳನ್ನು ಮುಟ್ಟಲಿಲ್ಲ. ಎಹ್ರನ್‌ಫೆಲ್ಸಿನ ನಿಸ್ತಂತು ಯಂತ್ರದಿಂದ ಜರ್ಮನ್ ಜಲಾಂತರ್ಗಾಮಿಗಳಿಗೆ ಸುದ್ದಿ ಹೋಗುತ್ತಿದೆಯೆಂದು ಆಂಗ್ಲರು ನಂಬಿದರು. ಪೋರ್ತುಗಾಲನ್ನು ಕೇಳಿ ಪಡೆಯಲು ಮಾರ್ಗವಿರಲಿಲ್ಲ. ಪ್ರಕಟವಾಗಿ ನುಗ್ಗಿದರೆ ತಟಸ್ಥ ರಾಷ್ಟ್ರದ ಮೇಲೆ ದಂಡೆತ್ತಿದಂತಾಗುತ್ತಿತ್ತು. ಆದುದರಿಂದ ೧೯೪೩ನೆಯ ಮಾರ್ಚ್ ೮–೯ರ ನಡುವಣ ರಾತ್ರಿ, ಕಲಕತ್ತೆಯ ಲೈಟ್ ಹಾರ್ಸ್ ಮತ್ತು ಕಲಕತ್ತೆಯ ಸ್ಕಾಟಿಷ್ ಎಂಬ ಸ್ವಯಂಸೇವಕ ದಳಗಳಿಗೆ ಸೇರಿದ, ನಡುವಯಸ್ಸು ದಾಟಿದ ವರ್ತಕರೇ ಮೊದಲಾದ ಕೆಲವರು, ‘ಫೀಬಿ’ ಎಂಬ ಹೂಳೆತ್ತುವ ದೋಣಿಯಲ್ಲಿ ಗುಟ್ಟಾಗಿ ಬಂದು ಎಹ್ರನ್‌ಫೆಲ್ಸನ್ನು ಹತ್ತಿದರು. ಅದರ ನಾಯಕನೂ ಕೆಲವು ನಾವಿಕರೂ ಮಡಿದರು. ಹಡಗು ಶತ್ರುವಿನ ಕೈಸೇರಬಾರದೆಂದು ಜರ್ಮನರೇ ಅದನ್ನು ಮುಳುಗಿಸಿದರು. ಅದರ ಉರಿಯನ್ನು ಕಂಡು ಉಳಿದ ಮೂರು ಹಡಗುಗಳವರೂ ಹಾಗೆಯೇ ಮಾಡಿದರು. ಬೆಳಗಾಗುವಷ್ಟರಲ್ಲಿ ಹಿಡಿಯುವುದಕ್ಕೆ ಹಡಗುಗಳೇ ಇರಲಿಲ್ಲ. ಆಂಗ್ಲ ಸರಕಾರವು ಈ ಕೃತ್ಯವನ್ನು ತನ್ನದೆಂದು ಒಪ್ಪಿಕೊಳ್ಳಲಿಲ್ಲ. ಹೋದವರಿಗೆ ಪದಕವೂ ದೊರೆಯಲಿಲ್ಲ. ೧೯೭೮ರಲ್ಲಿ ಜೇಮ್ಸ್ ಲೀಸರನ ಗ್ರಂಥವು ಹೊರಬಂದ ಮೇಲೆಯೇ ಲೋಕಕ್ಕೆ ಇದರ ವಿವರ ತಿಳಿಯಿತು.

ಮಾರ್ಮಗೋವಾದ ಈ ಎರಡು ಪ್ರಸಂಗಗಳನ್ನು ಒಟ್ಟಿಗಿಟ್ಟು ನೋಡಿದರೆ ಒಂದು ವಿಷಯ ವ್ಯಕ್ತವಾಗುವುದು. ೧೯೧೬ರಲ್ಲಿ ಆಶ್ರಯ ಕೊಟ್ಟವನೇ ವಸ್ತುವನ್ನು ಎತ್ತಿಕೊಂಡನು. ೧೯೪೩ರಲ್ಲಿ ಆಶ್ರಯ ಕೊಟ್ಟವನು ಮಾತಿಗೆ ತಪ್ಪದಿದ್ದರೂ ಕಾಯಲಾರದೆ ಹೋದನು. ಸ್ಮೃತಿಯ ಮಾತಿನಲ್ಲಿ ಹೇಳುವುದಾದರೆ, ಮೊದಲನೆಯದು ಇಟ್ಟುಕೊಂಡವನ ಬಳಕೆ. ಎರಡನೆಯದು ರಾಜನ ಕೈಯೋ ಕಳ್ಳನ ಕೈಯೋ ಎಂದು ವಿಂಗಡಿಸಲಾಗದ ಕೈಯಿಂದ ಆದ ನಷ್ಟ.

ಆದರೆ ಈ ಪಾರುಪತ್ಯದ ನಿಜವಾದ ಬೆಲೆಯನ್ನು ತಿಳಿಯಬೇಕಾದರೆ ಕಲಕತ್ತೆಯಿಂದ ಹೊರಟ ಮತ್ತೊಂದು ಹಡಗಿನ ಕಥೆಯನ್ನು ನೋಡಬೇಕು. ೧೯೨೨ರಲ್ಲಿ ಬ್ರೆಮೆನ್ ಪಟ್ಟಣದ ಒಂದು ಜರ್ಮನ್ ಕಂಪನಿಗಾಗಿ ‘ವೆರಾ’ ಎಂಬ ಹಡಗು ಕಟ್ಟಲ್ಪಟ್ಟಿತು. ಮುಂದೆ ಅದನ್ನು ಇಟಲಿಯವರು ಕೊಂಡು ‘ಕಲಾಬ್ರಿಯಾ’ ಎಂದು ಹೆಸರಿಟ್ಟರು. ೧೯೪೦ನೆಯ ಜೂನ್ ೧೦ರಂದು ಇಟಲಿಯು ಯುದ್ಧ ಸಾರಿದಾಗ ಅದು ಕಲಕತ್ತೆಯ ಬಂದರಿನಲ್ಲಿತ್ತು. ಒಡನೆಯೇ ಅಲ್ಲಿಯ ಅಧಿಕಾರಿಗಳು ಅದನ್ನು ಹಿಡಿದರು. ಹೊರಟುಹೋಗಲು ಅವಕಾಶ ಕೊಡುವ ಹಳೆಯ ಮರ್ಯಾದೆಯ ಕಾಲ ಮುಗಿದಿತ್ತು. ನಿರ್ವಾಹವನ್ನು ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿಗೆ ವಹಿಸಲಾಯಿತು. ೯,೫೦೦ ಟನ್ನಿಗೂ ಮಿಕ್ಕ ಆ ಹಡಗಿನಲ್ಲಿ ಕಬ್ಬಿಣ, ಚಹ, ಹಿಂಡಿಗಳನ್ನು ತುಂಬಿ ಬ್ರಿಟನ್ನಿಗೆ ಕಳುಹಿಸಿದರು. ಅದನ್ನು ನಡೆಸುವ ನಾವಿಕರಲ್ಲದೆ, ಬ್ರಿಟನ್ನಿನಲ್ಲಿ ಬೇರೆ ಹಡಗುಗಳಿಗೆ ಹಂಚಬೇಕಾಗಿದ್ದ ೨೩೦ ಮಂದಿ ಭಾರತೀಯ ಖಲಾಸಿಗಳೂ ಅದರಲ್ಲಿ ಪ್ರಯಾಣ ಮಾಡುತ್ತಿದ್ದರು.

೧೯೪೦ನೆಯ ಡಿಸೆಂಬರ್ ೮ರ ರಾತ್ರಿ, ಐರ್ಲೆಂಡಿನ ಪಶ್ಚಿಮಕ್ಕೆ, ಕಾವಲಿನ ಗುಂಪಿನಿಂದ ಹಿಂದೆ ಬಿದ್ದಿದ್ದ ಕಲಾಬ್ರಿಯಾವನ್ನು ಯು–೧೦೩ ಎಂಬ ಜರ್ಮನ್ ಜಲಾಂತರ್ಗಾಮಿಯು ಹೊಡೆದು ಮುಳುಗಿಸಿತು. ಆ ಜಲಾಂತರ್ಗಾಮಿಯೂ ಬ್ರೆಮೆನ್ನಿನಲ್ಲಿಯೇ ಕಟ್ಟಲ್ಪಟ್ಟದ್ದು. ಹಡಗಿನಲ್ಲಿದ್ದ ೩೬೦ ಜನರಲ್ಲಿ ಒಬ್ಬನೂ ಉಳಿಯಲಿಲ್ಲ. ಜರ್ಮನನು ಕಟ್ಟಿಸಿ, ಇಟಲಿಯವನು ಕೊಂಡು, ಆಂಗ್ಲನು ಹಿಡಿದು, ಜರ್ಮನನು ಮುಳುಗಿಸಿದ ಆ ಹಡಗಿನಲ್ಲಿ ಸತ್ತವರೊಳಗೆ ಹೆಚ್ಚಿನವರು, ಈ ನಾಲ್ಕು ವ್ಯವಹಾರಗಳಲ್ಲಿ ಒಂದರಲ್ಲಿಯೂ ಪಕ್ಷಗಾರರಲ್ಲದ ಭಾರತೀಯರು.

ಕಲಕತ್ತೆಯಲ್ಲಿ ನೇಮಕವಾಗುತ್ತಿದ್ದ ಖಲಾಸಿಗಳು ಬಹುಮಟ್ಟಿಗೆ ಸಿಲ್ಹೆಟ್, ನೌಖಾಲಿ, ಚಿತ್ತಗಾಂಗುಗಳ ಬಡ ಒಕ್ಕಲು ಮಕ್ಕಳು. ಬಿಳಿಯ ನಾವಿಕನ ಸಂಬಳದ ಮುಂದೆ ಅವರ ಸಂಬಳವು ಒಂದು ಸಣ್ಣ ಭಾಗ. ೧೯೩೯ರ ಕೊನೆಯಲ್ಲಿ, ಯುದ್ಧದ ಅಪಾಯಕ್ಕೆ ತಕ್ಕ ಕೂಲಿ ಬೇಕೆಂದು ಅವರು ಬ್ರಿಟನ್ನಿನ ಬಂದರುಗಳಲ್ಲಿ ಮುಷ್ಕರ ಹೂಡಿದರು; ಅನೇಕರು ಸೆರೆಮನೆಗೂ ಹೋದರು. ಆ ಯುದ್ಧದಲ್ಲಿ ಕಡಲುಪಾಲಾದ ಅವಿಭಕ್ತ ಭಾರತದ ವ್ಯಾಪಾರಿ ನಾವಿಕರು ಸುಮಾರು ೬,೦೦೦ ಮಂದಿ. ಅವರ ಹೆಸರುಗಳನ್ನು ಬರೆದ ಗ್ರಂಥದ ಒಂದು ಪ್ರತಿಯನ್ನು ಮುಂಬಯಿಯಲ್ಲಿಯೂ ಇನ್ನೊಂದನ್ನು ಚಿತ್ತಗಾಂಗಿನಲ್ಲಿಯೂ ಇರಿಸಲಾಗಿದೆ.

ಸ್ವತಂತ್ರ ಭಾರತಕ್ಕೂ ಈ ಪ್ರಶ್ನೆಯು ಬಂದಿತು. ೧೯೬೫ರ ಯುದ್ಧದ ಬಳಿಕ ೧೯೬೮ರಲ್ಲಿ ಶತ್ರುಸ್ವತ್ತಿನ ಕಾಯಿದೆಯೂ, ೧೯೭೧ರಲ್ಲಿ ಯುದ್ಧದಲ್ಲಿ ಹಿಡಿದ ಹಡಗು ಮತ್ತು ವಿಮಾನಗಳನ್ನು ಕುರಿತ ಕಾಯಿದೆಯೂ ಅಂಗೀಕೃತವಾದವು. ಮೊದಲನೆಯದರ ಪ್ರಕಾರ ಸ್ವತ್ತನ್ನು ವಹಿಸಿಕೊಳ್ಳುವ ಅಧಿಕಾರಿಯ ಬಿರುದು ‘ಕಸ್ಟೋಡಿಯನ್’, ಎಂದರೆ ಕಾವಲುಗಾರ. ಪದವು ನ್ಯಾಸದ್ದು, ಆದರೆ ೨೦೧೭ರ ತಿದ್ದುಪಡಿಯು ಆ ಸ್ವತ್ತಿನಲ್ಲಿ ಒಡೆಯನ ವಾರಸುದಾರರ ಹಕ್ಕನ್ನು ತೊಡೆದುಹಾಕಿದ ಮೇಲೆ ಕಾವಲುಗಾರನಿಗೂ ಒಡೆಯನಿಗೂ ಇದ್ದ ಅಂತರವು ಬಹಳ ಕಿರಿದಾಯಿತು. ಯುದ್ಧಕಾಲದಲ್ಲಿ ರಾಜ್ಯವು ಶತ್ರುವಿನ ಸಾಧನವನ್ನು ಶತ್ರುವಿಗೆ ಉಪಯೋಗವಾಗದಂತೆ ತಡೆಯುವುದು ಆತ್ಮರಕ್ಷಣೆಯೆಂಬುದರಲ್ಲಿ ಸಂದೇಹವಿಲ್ಲ. ಅಲ್ಲಿಂದ ಮುಂದೆ ಅದನ್ನು ತನ್ನದಾಗಿ ಎಣಿಸುವುದಕ್ಕೆ ಒಂದೇ ಹೆಜ್ಜೆ. ಆ ಹೆಜ್ಜೆಯನ್ನು ಇಡುವವನಿಗೆ ಲೆಕ್ಕ ಕೇಳುವವರು ವಿರಳ.

ಹಡಗಿಗಾದರೋ ಒಂದು ನ್ಯಾಯಸ್ಥಾನವಿತ್ತು. ಅದರ ಹಲಗೆಗೂ ಯಂತ್ರಕ್ಕೂ ಬೆಲೆಕಟ್ಟುವವರಿದ್ದರು, ಸರಕಿನ ಪಟ್ಟಿಯಿತ್ತು, ತಟಸ್ಥನ ಒಂದು ಮೂಟೆಗೂ ವಕೀಲನು ನಿಂತು ವಾದಿಸಬಹುದಾಗಿತ್ತು. ಸಿಲ್ಹೆಟಿನ ಮನೆಯವರು ಕಂಪನಿಯ ಕೈಗೆ ಒಪ್ಪಿಸಿದ ಮಗನ ವಿಷಯದಲ್ಲಿ ಅಂಥ ವಿಚಾರಣೆ ಯಾವುದೂ ನಡೆಯಲಿಲ್ಲ. ಒಪ್ಪಿಸಿದಂತೆಯೇ ಹಿಂದಿರುಗಿಸಬೇಕೆಂಬ ಮಾತು ಎಲ್ಲಕ್ಕಿಂತ ಮೊದಲು ಸಲ್ಲಬೇಕಾದದ್ದು ಅಲ್ಲಿ. ಮರತೂರಿನ ಪಂಡಿತನು ವ್ಯಾಖ್ಯಾನಿಸಿದ ಮಾತುಗಳನ್ನು ಅಳತೆಗೋಲಾಗಿ ಹಿಡಿದರೆ, ಎರಡು ಮಹಾಯುದ್ಧಗಳ ಪಾರುಪತ್ಯದಲ್ಲಿ ತೀರದೆ ಉಳಿದ ಬಾಕಿಯು ಹಡಗುಗಳದಲ್ಲ, ಖಲಾಸಿಗಳದು. ಅದನ್ನು ಕೇಳಿ ವಸೂಲುಮಾಡುವ ಕಾಲವು ಕಳೆದುಹೋಗಿದೆ. ಮುಂಬಯಿಯ ಆ ಗ್ರಂಥವನ್ನು ತೆರೆದು ಹೆಸರುಗಳನ್ನು ಓದುವ ಕಾಲವು ಇನ್ನೂ ಕಳೆದಿಲ್ಲ.